ಆರನೇ ಅಧ್ಯಾಯಕ್ಕೆ ಮೂರು ವರ್ಷ

ಆ ಪುಸ್ತಕ ಅಂಚೆಯಲ್ಲಿ ಬಂದಾಗ ಅಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡು, ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿ, "ಫಾರಿನ್ನಿಂದ ಬಂದದೆ ಕಣಕ್ಕ. ಏನಾರ ಒಳ್ಳೆ ಸಾಮಾನಾ?" ಎಂದು ಕೇಳಿದ. ಪುಸ್ತಕ ಎಂದೆ. "ಅಯ್ಯೋ, ಅಷ್ಟೇಯಾ" ಎಂದು ಗಾಡಿ ಸ್ಟಾರ್ಟ್ ಮಾಡಿಕೊಂಡು ಹೋದ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಆ ಪುಸ್ತಕಕ್ಕೆ ಸಿಕ್ಕ ಸ್ವಾಗತ ಅಷ್ಟೇ.

ಬರೆದವಳು ನನ್ನ ಗೆಳತಿ, ಫ್ರಾನ್ಸಿನವಳು. ಕೈಮಗ್ಗದ ರೇಷ್ಮೆಯ ಬಗ್ಗೆ ಅಧ್ಯಯನ ಮಾಡಲು ಬಂದು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಏಳು ತಿಂಗಳು ಇದ್ದಳು. ಬೀದಿಯವರು ಅವಳನ್ನು ಬಿಳಿಯಮ್ಮ ಎನ್ನುತ್ತಿದ್ದರು. ನಮ್ಮಿಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ನಲವತ್ತೈದರ ಆಸುಪಾಸು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಅವಳನ್ನು ಯಾರೂ ಕೇಳುತ್ತಿರಲಿಲ್ಲ, ನನ್ನನ್ನು ಕೇಳದವರಿರಲಿಲ್ಲ. ಸಂಜೆಯಾದರೆ ಮಹಡಿ ಮೆಟ್ಟಿಲ ಮೇಲೆ ಕೂತು ನಾನು ಅವಳಿಗೆ ಕನ್ನಡ ಹೇಳಿಕೊಡುತ್ತಿದ್ದೆ, ಅವಳು ನನಗೆ ಫ್ರೆಂಚ್ ಹೇಳಿಕೊಡುತ್ತಿದ್ದಳು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಯಾರಾದರೂ ನನ್ನ ಪಕ್ಕ ಕೂತು, ಕೆಲಸವಿಲ್ಲದೆ, ಸುಮ್ಮನೆ ಮಾತಾಡಿದ್ದು ಆ ಏಳು ತಿಂಗಳು ಮಾತ್ರ.

ಅವಳಿಗೆ ಗೊತ್ತಿದ್ದು ಊರಿಗೆ ಗೊತ್ತಿಲ್ಲದ ವಿಷಯವೊಂದಿತ್ತು. ಅದನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಹೊಕ್ಕಿನ ನೂಲು ಸುತ್ತುತ್ತಿದ್ದರು, ಹಾಸಿನ ಎಳೆಗಳನ್ನು ಕೂಡಿಸುತ್ತಿದ್ದರು, ಬಣ್ಣ ಹಾಕಿದ ರೇಷ್ಮೆಯನ್ನು ಒಣಹಾಕುತ್ತಿದ್ದರು. ಮಗ್ಗದಲ್ಲಿ ಕೂರುವವರು ಮಾತ್ರ ಗಂಡಸರು. ಅಪ್ಪನದು ಊರೆಲ್ಲ ಹೆಸರಾದ ಕೈ. ಅಂಥ ಅಪ್ಪನ ಕಣ್ಣು ಅರವತ್ತೈದು ದಾಟುತ್ತಿದ್ದ ಹಾಗೆ ಮಬ್ಬಾಯಿತು. ಆಪರೇಷನ್ ಮಾಡಿಸಿದರೂ ಎಳೆ ಕಾಣುವಷ್ಟು ಸರಿಹೋಗಲಿಲ್ಲ. ಕಡೆಯ ನಾಲ್ಕು ವರ್ಷ ಅಪ್ಪನ ಹೆಸರಲ್ಲಿ ಅಂಗಡಿಗೆ ಹೋದ ಸೀರೆಗಳನ್ನೆಲ್ಲ ನೇಯ್ದವಳು ನಾನು. ಬಾಗಿಲು ಹಾಕಿಕೊಂಡು ನೇಯುತ್ತಿದ್ದೆ. ಯಾರಾದರೂ ಕೂಗಿದರೆ ಎದ್ದು ಅಪ್ಪನನ್ನು ಕೂರಿಸುತ್ತಿದ್ದೆ. ಅಪ್ಪ ಲಾಳಿ ಹಿಡಿದುಕೊಂಡು "ಬನ್ನಿ, ಬನ್ನಿ" ಎನ್ನುತ್ತಿದ್ದರು. ನಾನು ಕಾಫಿ ತರಲು ಒಳಗೆ ಹೋಗುತ್ತಿದ್ದೆ.

ಒಂದು ದಿನ ಗೆಳತಿ ಹನೂರಿಗೆ ಹೋಗುತ್ತೇನೆಂದು ಹೊರಟವಳು, ಬಸ್ಸು ತಪ್ಪಿ, ಹಿತ್ತಲ ಬಾಗಿಲಿನಿಂದ ವಾಪಸು ಬಂದಳು. ಮಗ್ಗದಲ್ಲಿ ನಾನಿದ್ದೆ. ಅಪ್ಪ ಪಕ್ಕದಲ್ಲಿ ಚಾಪೆಯ ಮೇಲೆ ಮಲಗಿದ್ದರು. ಅವಳು ಕಂಬಕ್ಕೆ ಒರಗಿ ಕೂತು, ನಾನು ಅರ್ಧ ಗೇಣು ನೇಯುವವರೆಗೂ ನೋಡಿದಳು. ಆಮೇಲೆ ನಾನು ಅವಳ ಕೈಗೆ ಲಾಳಿ ಕೊಟ್ಟೆ. ನಮ್ಮ ಮನೆಯಲ್ಲಿ ಲಾಳಿ ಮುಟ್ಟಿ ಆಡಿದ ಮಾತಿಗೆ ತಪ್ಪುವಂತಿಲ್ಲ. ಇದನ್ನು ಎಲ್ಲೂ ಬರೆಯಬಾರದು, ಅಪ್ಪನ ಮರ್ಯಾದೆಯ ಪ್ರಶ್ನೆ ಎಂದೆ. "ನಿನ್ ಮರ್ಯಾದೆ?" ಎಂದು ಕೇಳಿದಳು, ನಾನೇ ಕಲಿಸಿದ ಕನ್ನಡದಲ್ಲಿ. ನನಗೆ ಅದೆಲ್ಲ ಬೇಡ ಎಂದೆ. ಅವಳು ಲಾಳಿ ಹಿಡಿದುಕೊಂಡೇ "ಬರೆಯಲ್ಲ" ಎಂದಳು.

ಈಗ ಅಪ್ಪ ಇರಲಿಲ್ಲ. ಪುಸ್ತಕ ಬಂದಿತ್ತು, ಪೂರ್ತಿ ಫ್ರೆಂಚಿನಲ್ಲಿ. ಮಧ್ಯದಲ್ಲಿ ಚಿತ್ರಗಳಿದ್ದವು. ಆರನೇ ಅಧ್ಯಾಯ ನಮ್ಮ ಮನೆಯದೇ ಎಂದು ಅವುಗಳಿಂದ ಗೊತ್ತಾಯಿತು. ಮಗ್ಗದಲ್ಲಿ ಅಪ್ಪ, ಮಗ್ಗದ ಮುಂದೆ ಅಪ್ಪ, ಸೀರೆ ಬಿಡಿಸಿ ತೋರಿಸುತ್ತಿರುವ ಅಪ್ಪ. ಒಂದರಲ್ಲಿ ನಾನೂ ಇದ್ದೆ, ಮೊಣಕೈವರೆಗೆ. ಆ ಕೈಯಲ್ಲಿ ಕಾಫಿ ಲೋಟ ಇತ್ತು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಅವತ್ತೇ ಗೊತ್ತಾಗಿದ್ದು, ಮರ್ಯಾದೆ ಬೇಡ ಎಂದು ನಾನು ಹೇಳಿದ್ದು ಹಸಿ ಸುಳ್ಳು ಎಂದು. ಅವಳು ಆಣೆ ಮುರಿದಿರಲಿ, ಎಲ್ಲೋ ಒಂದು ಸಾಲಿನಲ್ಲಾದರೂ ನನ್ನ ನೇಯ್ಗೆಯ ವಿಷಯ ಬರೆದಿರಲಿ ಎಂದು ಆಸೆಯಾಯಿತು. ಬರೆದುಬಿಟ್ಟಿದ್ದರೆ ಅಪ್ಪನ ಗತಿಯೇನು ಎಂದು ಭಯವೂ ಆಯಿತು. ಅವಳಿಗೆ ಮೆಸೇಜ್ ಮಾಡಿ ಕೇಳಬಹುದಿತ್ತು. ಆದರೆ ಬರೆದೆಯಾ ಎಂದು ಕೇಳಿದರೆ, ಬರೆಯಬೇಕಿತ್ತು ಎಂದು ಒಪ್ಪಿಕೊಂಡ ಹಾಗೆಯೇ. ಪುಸ್ತಕ ತಲುಪಿತು, ಬಹಳ ಸಂತೋಷ ಎಂದಷ್ಟೇ ಕಳಿಸಿದೆ.

ಮೊಬೈಲಿನ ಕ್ಯಾಮೆರಾ ಹಿಡಿದರೆ ಯಾವ ಭಾಷೆಯನ್ನಾದರೂ ಕನ್ನಡ ಮಾಡಿಕೊಡುತ್ತದಲ್ಲ, ಅದನ್ನೂ ನೋಡಿದೆ. ಮೊದಲ ಅಧ್ಯಾಯದ ಮೇಲೆ ಹಿಡಿದೆ. "ರೇಷ್ಮೆಯು ಬೀದಿಯನ್ನು ಮಾತನಾಡುತ್ತದೆ ಮತ್ತು ಹಳೆಯದು ಕುಳಿತಿದೆ" ಎಂದು ಬಂತು. ಹಳೆಯದು ಎಂದರೆ ನಮ್ಮಪ್ಪನೇ ಇರಬೇಕು. ನನ್ನ ಗೆಳತಿಯ ಮಾತನ್ನು ಇಂಥ ಬಾಯಿಂದ ಕೇಳಲು ಮನಸ್ಸು ಬರಲಿಲ್ಲ. ಅದರಲ್ಲೂ ಆ ಒಂದು ವಿಷಯವನ್ನು ಯಂತ್ರ ನನಗಿಂತ ಮೊದಲು ಓದುವುದು ಬೇಡವೇ ಬೇಡ. ನಾನೇ ಓದುತ್ತೇನೆ ಎಂದು ಹಟ ಹಿಡಿದೆ. ಮೊದಲಿನಿಂದ ಓದಿಕೊಂಡು ಬಂದು, ನಿಲ್ಲದೆ ಓದುವ ಶಕ್ತಿ ಬಂದ ಮೇಲೆಯೇ ಆರನೇ ಅಧ್ಯಾಯ ಮುಟ್ಟುವುದು ಎಂದು ನನಗೆ ನಾನೇ ಕಟ್ಟುಪಾಡು ಹಾಕಿಕೊಂಡೆ.

ಅವಳು ಹೋಗುವ ಮೊದಲೇ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಅದರ ಪರೀಕ್ಷೆಯ ಪ್ರಕಾರ ನನ್ನದು ಮಧ್ಯಮ ಮಟ್ಟ. ಮಧ್ಯಮ ಎಂದರೆ ಏನು ಎಂದು ಅದರಲ್ಲಿ ಬಿದ್ದು ಒದ್ದಾಡಿದವರಿಗೇ ಗೊತ್ತು. ಕಾಫಿ ಕೊಡಿ ಎನ್ನಲು ಬರುತ್ತದೆ, ಕಾಫಿ ಯಾಕೆ ಇಷ್ಟು ಕೆಟ್ಟದಾಗಿದೆ ಎಂದು ಜಗಳವಾಡಲು ಬರುವುದಿಲ್ಲ. ಮಕ್ಕಳ ಕತೆ ಓದಲು ಬರುತ್ತದೆ, ಮಕ್ಕಳ ಕತೆ ಬೇಡ. ಬೇಕಾದ ಪುಸ್ತಕ ಎದುರಿಗೇ ಇದೆ, ಬಾಗಿಲು ತೆಗೆಯುವುದಿಲ್ಲ. ಎರಡು ವರ್ಷ ಹೀಗೇ ನಿಂತಲ್ಲೇ ನಿಂತವರನ್ನು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ನೋಡಿದೆ. ಅವರೆಲ್ಲ ಯಾವ್ಯಾವುದೋ ದೇಶದವರು.

ಅಪ್ಪ ಹೋದ ಮೇಲೆ ಮಗ್ಗ ನಿಂತಿತ್ತು. ಅಪ್ಪನೇ ಇಲ್ಲದ ಮೇಲೆ ಅಪ್ಪನ ಹೆಸರಲ್ಲಿ ಹೇಗೆ ನೇಯಲಿ? ಯಳಂದೂರಿನ ಒಂದು ಖಾಸಗಿ ಶಾಲೆಯ ಆಫೀಸಿನಲ್ಲಿ ಗುಮಾಸ್ತೆ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಕೊಳ್ಳೇಗಾಲದಿಂದ ಹೊರಟು ಸಂಜೆ ವಾಪಸು. ಓದೆಲ್ಲ ನಡೆದದ್ದು ಆ ಬಸ್ಸಿನಲ್ಲೇ. ಆ್ಯಪ್‌ಗಳು ಒಂದಿದ್ದದ್ದು ಮೂರಾದವು. ಮೊದಲನೆಯದು ಆಟದ ಹಾಗೆ ಪ್ರಶ್ನೆ ಕೇಳುವುದು. ಒಂದು ದಿನ ತಪ್ಪಿದರೂ "ನಿಮ್ಮನ್ನು ನೆನೆಸಿಕೊಳ್ಳುತ್ತಿದ್ದೇವೆ" ಎಂದು ಸಂದೇಶ ಕಳಿಸುವುದು. ಎರಡನೆಯದು ಚೀಟಿಗಳ ಆ್ಯಪ್. ಪದ ಒಂದು ಕಡೆ, ಅರ್ಥ ಇನ್ನೊಂದು ಕಡೆ. ಮರೆತದ್ದನ್ನು ನಾಳೆ, ನೆನಪಿದ್ದದ್ದನ್ನು ಹತ್ತು ದಿನ ಬಿಟ್ಟು ಮತ್ತೆ ಕೇಳುತ್ತದೆ. ಮೂರನೆಯದು ಓದಿಸುವ ಆ್ಯಪ್. ಯಾವ ಬರಹವನ್ನಾದರೂ ಅದಕ್ಕೆ ಹಾಕಿದರೆ, ಗೊತ್ತಿಲ್ಲದ ಪದಗಳು ನೀಲಿಯಾಗಿ, ಕಲಿಯುತ್ತಿರುವವು ಹಳದಿಯಾಗಿ ಕಾಣುತ್ತವೆ. ಬೆರಳು ಇಟ್ಟರೆ ಅರ್ಥ ಏಳುತ್ತದೆ. ಕಲಿತ ಪದಕ್ಕೆ ಬಣ್ಣ ಹೋಗುತ್ತದೆ. ನಾನು ಭಾನುವಾರಗಳಲ್ಲಿ ಪುಸ್ತಕದ ಪುಟಗಳ ಫೋಟೋ ತೆಗೆದು, ಅದನ್ನು ಅಕ್ಷರವಾಗಿಸಿ, ಈ ಮೂರನೆಯದರೊಳಗೆ ಹಾಕಿಕೊಳ್ಳುತ್ತಿದ್ದೆ. ಆರನೇ ಅಧ್ಯಾಯದ ಪುಟಗಳನ್ನು ಮಾತ್ರ ಬಿಟ್ಟಿದ್ದೆ. ಅವಕ್ಕೆ ಒಂದು ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದೆ.

ದಿನಾ ನೋಡಿ ನೋಡಿ ಕಂಡಕ್ಟರ್ ಒಮ್ಮೆ ಕೇಳಿಯೇಬಿಟ್ಟ. "ಏನ್ ಮೇಡಂ, ಎಕ್ಸಾಮಾ?"

ಅಲ್ಲ, ಫ್ರೆಂಚ್ ಕಲಿಯುತ್ತಿದ್ದೇನೆ ಎಂದೆ.

"ಓ. ಫಾರಿನ್‌ಗ್ ಓಯ್ತೀರಾ?"

ಇಲ್ಲ.

"ಟ್ಯೂಷನ್ ಏಳ್ಕೊಡ್ತೀರಾ?"

ಇಲ್ಲ.

ಅವನು ಟಿಕೆಟ್ ಮಷಿನ್ನನ್ನು ಹೊಟ್ಟೆಗೆ ಒತ್ತಿಕೊಂಡು, "ಮತ್ಯಾಕ್ ಮೇಡಂ?" ಎಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಅವತ್ತು ಯಳಂದೂರು ಬರುವವರೆಗೂ ಮೊಬೈಲ್ ಬ್ಯಾಗಿನೊಳಗೇ ಇತ್ತು. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರೂ ತಾಲ್ಲೂಕಿನಲ್ಲಿ ನನ್ನ ಜೊತೆ ಈ ಭಾಷೆಯಲ್ಲಿ ಒಂದು ಮಾತಾಡುವ, ಬೇಡ, ನಾನು ಓದಿದ್ದು ಸರಿಯೋ ತಪ್ಪೋ ಎಂದು ಹೇಳುವ ಒಬ್ಬರೂ ನನಗೆ ಗೊತ್ತಿರಲಿಲ್ಲ. ಒಂದು ಪಾಠ ಮುಗಿದಾಗಲೆಲ್ಲ ಆ್ಯಪ್ ಪಟಾಕಿ ಹೊಡೆದು, ಇದನ್ನು ನಿಮ್ಮ ಗೆಳೆಯರೊಂದಿಗೆ ಹಂಚಿಕೊಳ್ಳಿ ಎನ್ನುವುದು. ಯಾವ ಗೆಳೆಯರು ಎಂದು ಅದಕ್ಕೆ ಗದರುತ್ತಿದ್ದೆ. ದಿನಾ ನನ್ನನ್ನು ವಿಚಾರಿಸಿಕೊಳ್ಳುವುದು ಅದೊಂದೇ ಎಂಬುದೂ ನಿಜ.

ಮೊದಲ ಅಧ್ಯಾಯಕ್ಕೆ ಐದು ತಿಂಗಳು ಹಿಡಿಯಿತು. ಯಾಕೆ ಎಂದು ಈಗ ಗೊತ್ತು. ಮಗ್ಗದಲ್ಲಿ ಹಾಸಿನ ಒಂದು ಎಳೆ ತುಂಡಾದರೆ ಅಲ್ಲೇ ನಿಲ್ಲಿಸಬೇಕು. ತುದಿ ಹುಡುಕಿ, ನೂಲು ಕೂಡಿಸಿ, ಆಮೇಲೆ ಮುಂದಿನ ಲಾಳಿ. ನೋಡಿಯೂ ನೋಡದ ಹಾಗೆ ಮುಂದೆ ಹೋದರೆ ಸೀರೆಯ ಕೊನೆಯವರೆಗೂ ಒಂದು ಗೆರೆ ಬಿದ್ದುಬಿಡುತ್ತದೆ. ಬುದ್ಧಿ ಬಂದಾಗಿನಿಂದ ನೋಡಿದ್ದು, ಆಮೇಲೆ ನಾಲ್ಕು ವರ್ಷ ಮಾಡಿದ್ದು ಇದೇ ಕೆಲಸ. ಓದುವಾಗಲೂ ನನ್ನ ಬೆರಳು ಅದನ್ನೇ ಮಾಡುತ್ತಿತ್ತು. ನೀಲಿ ಪದ ಕಂಡ ತಕ್ಷಣ ನಿಂತೆ. ಬೆರಳು ಇಟ್ಟೆ, ಅರ್ಥ ನೋಡಿದೆ, ಚೀಟಿ ಮಾಡಿದೆ, ಆಮೇಲೆ ಮುಂದಿನ ಪದ. ಮುಂದಿನದೂ ನೀಲಿ. ಒಂದು ವಾಕ್ಯ ದಾಟುವಷ್ಟರಲ್ಲಿ ಬಸ್ಸು ಎರಡು ಸ್ಟಾಪ್ ದಾಟಿರುತ್ತಿತ್ತು. ವಾಕ್ಯದ ಕೊನೆಗೆ ಬಂದಾಗ ಮೊದಲು ಮರೆತಿರುತ್ತಿತ್ತು. ಚೀಟಿಗಳು ಬೆಳೆದು ಬೆಳೆದು, ಬೆಳಿಗ್ಗೆ ಎದ್ದರೆ ಇವತ್ತು ನಾನೂರು ಬಾಕಿ ಎಂದು ತೋರಿಸುತ್ತಿತ್ತು. ಹಲ್ಲುಜ್ಜುತ್ತಾ ಅದನ್ನು ನೋಡಿದರೆ ಅಳು ಬರುತ್ತಿತ್ತು. ಪದಗಳೆಲ್ಲ ಗೊತ್ತು, ಓದು ಮಾತ್ರ ಇಲ್ಲ.

ಹನೂರಿನಲ್ಲಿ ನನ್ನ ಸೋದರತ್ತೆ ಇದ್ದಾರೆ, ಅಪ್ಪನ ತಂಗಿ. ನನಗೆಂದು ಉಳಿದಿರುವ ಹತ್ತಿರದವರು ಅವರೊಬ್ಬರೇ. ಎರಡು ಮೂರು ತಿಂಗಳಿಗೊಮ್ಮೆ ಹೋಗಿ ಒಂದು ದಿನ ಇದ್ದು ಬರುತ್ತೇನೆ. ಅವರ ಬೀದಿಯಲ್ಲಿ ಅರ್ಧ ಜನ ತಮಿಳು ಮಾತಾಡುವವರು. ಅತ್ತೆ ಮದುವೆಯಾಗಿ ಹೋದ ಹೊಸದರಲ್ಲಿ ಪಕ್ಕದ ಮನೆಯ ಹೆಂಗಸಿನಿಂದ ತಮಿಳು ಅಕ್ಷರ ಕಲಿತು, ವಾರಪತ್ರಿಕೆಯ ಧಾರಾವಾಹಿ ಓದಲು ಶುರುಮಾಡಿದವರು ಇವತ್ತಿಗೂ ಬಿಟ್ಟಿಲ್ಲ. ಆ ಸಲ ಹೋದಾಗ ಜಗುಲಿಯಲ್ಲಿ ಕೂತು ಗಡಗಡನೆ ಪುಟ ತಿರುವುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಒಂದು ಪದದ ಮೇಲೆ ಬೆರಳಿಟ್ಟು, ಇದಕ್ಕೇನು ಅರ್ಥ ಎಂದೆ.

"ಯಾವ್ದು? ಇದಾ? ಗೊತ್ತಿಲ್ಲ ಕಣವ್ವ."

ಇದು?

"ಅದೂ ಗೊತ್ತಿಲ್ಲ. ಏನೋ ಒಡವೆ ಎಸ್ರಿರ್ಬೇಕು."

ಗೊತ್ತಿಲ್ಲದಿದ್ದರೆ ಹೇಗೆ ಓದುತ್ತೀರಿ ಎಂದು ನಾನು ದನಿ ಏರಿಸಿದೆ. ಅತ್ತೆ ಕನ್ನಡಕ ಕೆಳಗೆ ಮಾಡಿ ನನ್ನನ್ನು ನೋಡಿದರು. "ಸೊಸೆ ಮನೆ ಬುಟ್ಟು ಒಂಟೋಯ್ತಾವ್ಳೆ, ಗಂಡ ಬಾಗ್ಲಲ್ ನಿಂತವ್ನೆ. ಈಗ ಒಡವೆ ಎಸ್ರು ತಕಂಡು ಏನ್ ಮಾಡನೆ? ಎಲ್ಲಾನೂ ತಿಳ್ಕಂಡು ಓದ್ತೀನಿ ಅಂದ್ರೆ ಕತೆ ತಣ್ಣಗಾಗೋಯ್ತದೆ. ತಿಳೀದಿದ್ದುದ್ದ ಬುಟ್ಟು ಮುಂದುಕ್ ಓಗು. ಬೇಕಾದ್ದಾದ್ರೆ ಅದೇ ಇನ್ನೊಂದ್ ದಪ ಬತ್ತದೆ."

ಮಗ್ಗದ ಮನೆಯಲ್ಲಿ ಹುಟ್ಟಿಯೂ ಇಂಥ ಮಾತಾಡುತ್ತಾರಲ್ಲ ಎಂದು ನನಗೆ ನಿಜವಾಗಿಯೂ ಸಿಟ್ಟು ಬಂತು. ಹೆಂಗಸರನ್ನು ಮಗ್ಗಕ್ಕೆ ಕೂರಿಸದಿದ್ದದ್ದೇ ಒಳ್ಳೆಯದಾಯಿತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಅಷ್ಟರ ಮೇಲೆ ಅತ್ತೆ ನನ್ನ ಮೊಬೈಲಿನಿಂದ ನೆಟ್ ತೆಗೆದುಕೊಂಡು ತಮ್ಮ ಮೊಬೈಲಿನಲ್ಲಿ ತಮಿಳು ಸೀರಿಯಲ್ಲಿನ ಮೂರು ಕಂತು ನೋಡಿದರು. ಮಾರನೆಯ ದಿನವೂ ಅವರು ಹಾಗೇ ನೋಡುತ್ತಿದ್ದಾಗಲೇ ನಾನು ಕೊಳ್ಳೇಗಾಲಕ್ಕೆ ಹೊರಟೆ. ಬಸ್ಸಿನಲ್ಲಿ ಕೂತು ಪುಟ ತೆರೆದು, ಮೊದಲ ನೀಲಿ ಪದದ ಮೇಲೆ ಬೆರಳಿಟ್ಟರೆ ಅರ್ಥ ಬರಲಿಲ್ಲ. ಅವತ್ತಿನ ಡೇಟಾ ಪೂರ್ತಿ ಅತ್ತೆಯ ಸೀರಿಯಲ್ಲಿಗೆ ಹೋಗಿತ್ತು.

ಮೊದಲು ಬೈದುಕೊಂಡೆ. ಆಮೇಲೆ ಬೇರೆ ದಾರಿಯಿಲ್ಲದೆ ಹಾಗೇ ಓದಿದೆ. ಬಣ್ಣ ಹಾಕುವ ಮನೆಯ ವರ್ಣನೆ ಇತ್ತು. ಒಂದು ಪದ ಗೊತ್ತಾಗಲಿಲ್ಲ, ಬಿಟ್ಟೆ. ಇನ್ನೊಂದನ್ನು ಬಿಟ್ಟೆ. ಕಾಮಗೆರೆ ಬರುವ ಹೊತ್ತಿಗೆ ಒಲೆಯ ಮೇಲಿನ ಹಂಡೆ, ಹಬೆ, ಕೋಲಿನಿಂದ ರೇಷ್ಮೆ ಎತ್ತುವವನ ಕೆಂಪಾದ ಮೊಣಕೈ ಕಾಣಿಸತೊಡಗಿತು. ಅವನು ಏನೋ ತಮಾಷೆ ಮಾಡುತ್ತಾನೆ. ನಾನು ನಕ್ಕುಬಿಟ್ಟೆ. ಪಕ್ಕದ ಹೆಂಗಸು ತಿರುಗಿ ನೋಡಿದಳು. ಫ್ರೆಂಚಿನಲ್ಲಿ ಬರೆದ ತಮಾಷೆಗೆ ಯಾರೂ ವಿವರಿಸದೆ ನಕ್ಕಿದ್ದು ಅದೇ ಮೊದಲು. ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಇಳಿದಾಗ ನಾಲ್ಕು ಪುಟ ಓದಿದ್ದೆ. ಹಿಂದಿನ ಲೆಕ್ಕದಲ್ಲಿ ಅದು ಎರಡು ವಾರದ ಓದು.

ಅವತ್ತಿನಿಂದ ಬೆರಳಿಗೆ ಬುದ್ಧಿ ಕಲಿಸಿದೆ. ಪುಟ ಮುಗಿಯುವವರೆಗೆ ಮುಟ್ಟುವಂತಿಲ್ಲ. ಮುಗಿದ ಮೇಲೆ, ಮತ್ತೆ ಮತ್ತೆ ಬಂದು ಕಾಡಿದ ಎರಡೋ ಮೂರೋ ಪದಕ್ಕೆ ಮಾತ್ರ ಅರ್ಥ ನೋಡುವುದು. ಚೀಟಿಗಳ ಆ್ಯಪನ್ನು ಒಂದು ಶನಿವಾರ ಪೂರ್ತಿ ಅಳಿಸಿದೆ. ನಿಜವಾಗಿಯೂ ಅಳಿಸಬೇಕೇ ಎಂದು ಅದು ಎರಡು ಸಲ ಕೇಳಿತು. ಸಾವಿರಾರು ಚೀಟಿ, ಎಲ್ಲ ನನ್ನ ಕೈಯಾರೆ ಮಾಡಿದ್ದು. ಎರಡು ದಿನ ಮನಸ್ಸು ಕೆಟ್ಟಿತ್ತು. ಆಮೇಲೆ ಗೆಳತಿಯ ಪುಸ್ತಕವನ್ನೂ ಪಕ್ಕಕ್ಕಿಟ್ಟು, ಓದಿಸುವ ಆ್ಯಪಿನಲ್ಲಿ ಸಿಗುವ ಸುಲಭದ ಕತೆಗಳಿಂದ ಶುರುಮಾಡಿದೆ. ಪುಟಕ್ಕೆ ನಾಲ್ಕೈದಕ್ಕಿಂತ ಹೆಚ್ಚು ನೀಲಿ ಇರದಂಥವು. ಒಂದು ಪತ್ತೇದಾರಿ ಕತೆ ಸಿಕ್ಕಿ, ಕೊಂದವರು ಯಾರು ಎಂದು ತಿಳಿಯಲು ಹೋಗಿ ಯಳಂದೂರಿನಲ್ಲಿ ಇಳಿಯುವುದನ್ನೇ ಮರೆತು ಮುಂದೆ ಹೋದೆ. ಶಾಲೆಯಲ್ಲಿ ಲೇಟ್ ಯಾಕೆ ಎಂದು ಹೆಡ್‌ಮಾಸ್ಟರ್ ಕೇಳಿದರು. ಕೊಲೆಯಾಗಿತ್ತು ಸಾ ಎನ್ನಬೇಕೆನ್ನಿಸಿತು. ಬಸ್ಸು ಕೆಟ್ಟಿತ್ತು ಎಂದೆ. ಕೆಲವು ಕತೆಗಳನ್ನು ಆ್ಯಪೇ ಓದಿ ಹೇಳುತ್ತಿತ್ತು. ಕಿವಿಯಲ್ಲಿ ದನಿ, ಕಣ್ಣಲ್ಲಿ ಅಕ್ಷರ. ದನಿ ನನಗಾಗಿ ಕಾಯುವುದಿಲ್ಲವಾದ್ದರಿಂದ ಕಣ್ಣೂ ಓಡಲು ಕಲಿಯಿತು.

ಹೀಗೆ ಮತ್ತೆ ಎರಡು ವರ್ಷ. ಎಷ್ಟು ಪುಸ್ತಕ ಓದಿದೆ ಎಂದು ಆ್ಯಪ್ ಹೇಳುತ್ತದೆ, ಯಾರಿಗೆ ಹೇಳಿದೆ ಎಂದು ಕೇಳುವುದಿಲ್ಲ. ಒಳ್ಳೆಯ ಕತೆ ಮುಗಿದ ದಿನ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು ಎಂದು ಬಾಯಿ ತುರಿಸುತ್ತಿತ್ತು. ಮನೆಗೆ ಬಂದರೆ ಬಟ್ಟೆ ಮುಚ್ಚಿದ ಮಗ್ಗ. ಆ ಎರಡು ವರ್ಷದಲ್ಲಿ ನಾನು ಅತಿ ಹೆಚ್ಚು ಓದಿದ್ದೇನೆ, ಅತಿ ಕಡಿಮೆ ಮಾತಾಡಿದ್ದೇನೆ. ಗೆಳತಿಗೆ ಆಗಾಗ ಕಳಿಸುತ್ತಿದ್ದ ಮೆಸೇಜುಗಳೂ ಹಬ್ಬದ ಶುಭಾಶಯಕ್ಕೆ ಇಳಿದವು. ಅವಳು ಬೇರೆ ದೇಶದಲ್ಲಿ ಬೇರೆ ಕೆಲಸಕ್ಕೆ ಹೋದಳೆಂದು ತಿಳಿಯಿತು. ಆಮೇಲೆ ಅವಳಿಂದ ಏನೂ ಬರಲಿಲ್ಲ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಸ್ನಾನ ಮಾಡಿ, ಮೊಬೈಲನ್ನು ಅಡುಗೆಮನೆಯಲ್ಲಿ ಬಿಟ್ಟು, ಪುಸ್ತಕ ಹಿಡಿದುಕೊಂಡು ಮಹಡಿಯ ಕೋಣೆಗೆ ಹೋದೆ. ಮೊದಲ ಐದು ಅಧ್ಯಾಯಗಳನ್ನು ಹಿಂದಿನ ವಾರವಷ್ಟೇ ಮತ್ತೆ ಓದಿ ಮುಗಿಸಿದ್ದೆ. ಎಲ್ಲೂ ತಡವರಿಸಿರಲಿಲ್ಲ. ರಬ್ಬರ್ ಬ್ಯಾಂಡ್ ಹಳತಾಗಿ ಅಂಟಿಕೊಂಡಿತ್ತು, ಕಿತ್ತುಹಾಕಿದೆ.

ಆರನೇ ಅಧ್ಯಾಯ ಮೂವತ್ತು ಪುಟ. ನಿಲ್ಲದೆ ಓದಿದೆ. ನಮ್ಮ ಬೀದಿ, ನಮ್ಮ ಜಗುಲಿ, ಅಪ್ಪ ಕೆಮ್ಮುವ ರೀತಿ, ಎಲ್ಲ ಇತ್ತು. ಮಗಳೊಬ್ಬಳಿದ್ದಳು. ಕಾಫಿ ತರುತ್ತಿದ್ದಳು, ಸಂಜೆ ಕನ್ನಡ ಹೇಳಿಕೊಡುತ್ತಿದ್ದಳು. ಹತ್ತೊಂಬತ್ತನೇ ಪುಟ ದಾಟಿದ ಮೇಲೆ ಆ ಕಡೆಯ ನಾಲ್ಕು ವರ್ಷದ ಸೀರೆಗಳ ವಿಷಯ ಬಂತು. ಪೂರ್ತಿ ಮೂರು ಪುಟ. ಕಣ್ಣು ಮಬ್ಬಾದ ಮೇಲೆ ಈ ವೃದ್ಧರ ಕೈ ಬದಲಾಯಿತು, ಮಗ್ಗದ ಬಡಿತ ಹಗುರವಾಯಿತು, ಅಂಚಿನಲ್ಲಿ ಹಿಂದೆ ಇರದ ಧೈರ್ಯ ಬಂತು ಎಂದು ಬರೆದಿದ್ದಳು. ಅವರ ಒಟ್ಟು ಬದುಕಿನ ಕೆಲಸದಲ್ಲಿ ಇದೇ ಶ್ರೇಷ್ಠ ಎಂದಿದ್ದಳು. ಹಸಿರು ಮೈಗೆ ನೇರಳೆ ಅಂಚಿನ ಒಂದು ಸೀರೆಯನ್ನು ಎತ್ತಿಕೊಂಡು, ಅದನ್ನು ನೇಯ್ದವರ ತಾಳ್ಮೆಯನ್ನು, ತುಂಟತನವನ್ನು, ಯಾರಿಗೂ ತೋರಿಸಿಕೊಳ್ಳದ ಸಂತೋಷವನ್ನು ಇಂಚಿಂಚೂ ವರ್ಣಿಸಿದ್ದಳು. ಆ ಹಸಿರು ಸೀರೆಯನ್ನು ನಾನು ನೇಯುತ್ತಿದ್ದಾಗಲೇ ಅವಳು ಕಂಬಕ್ಕೆ ಒರಗಿ ನೋಡಿದ್ದು.

ಅವಳು ಆಣೆ ಮುರಿದಿರಲಿಲ್ಲ. ಒಂದಕ್ಷರವೂ ಮುರಿದಿರಲಿಲ್ಲ. ಹೊಗಳಿಕೆಯೆಲ್ಲ ನನ್ನದು, ಹೆಸರು ಅಪ್ಪನದು. ಪದಕ್ಕೊಂದು ಅರ್ಥ ನೋಡುತ್ತಾ ಓದಿದ್ದರೆ ನನಗೆ ಆ ವೃದ್ಧ ಮಾತ್ರ ಕಾಣುತ್ತಿದ್ದರು. ನಿಲ್ಲದೆ ಓದಿದ್ದರಿಂದ ಅವಳ ದನಿ ಕೇಳಿಸಿತು, ಯಾರ ಜೊತೆ ಮಾತಾಡುತ್ತಿದ್ದಾಳೆ ಎಂದು ತಿಳಿಯಿತು. ಮೂರು ಪುಟ ಅವಳು ನನ್ನ ಜೊತೆ ಮಾತಾಡಿದ್ದಳು. ಜೋರಾಗಿ ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತದ್ದೆಷ್ಟು, ಸಂಕಟಕ್ಕೆ ಎಷ್ಟು ಎಂದು ಈಗಲೂ ಹೇಳಲಾರೆ. ಕೆಳಗೆ ಬಂದು ಮೊಬೈಲ್ ತೆಗೆದು, ಅವಳ ಭಾಷೆಯಲ್ಲೇ, ಓದಿದೆ, ಎಲ್ಲ ತಿಳಿಯಿತು ಎಂದು ಬರೆದು ಕಳಿಸಿದೆ. ಒಂದೇ ಟಿಕ್ ಬಿತ್ತು. ಮಾರನೆಯ ದಿನವೂ, ಮರುವಾರವೂ ಒಂದೇ ಟಿಕ್. ಆ ನಂಬರ್ ಅವಳ ಹತ್ತಿರ ಇರಲಿಲ್ಲವೆಂದು ಕಾಣುತ್ತದೆ.

ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ ಎನ್ನಿಸಿ, ಪುಸ್ತಕ ಚೀಲದಲ್ಲಿಟ್ಟುಕೊಂಡು ಹನೂರಿಗೆ ಹೋದೆ. ನಿಮ್ಮಣ್ಣನ ವಿಷಯ ಓದುತ್ತೇನೆ ಎಂದಾಗ ಅತ್ತೆ ಟೀವಿ ಆಫ್ ಮಾಡಿ, ಕಾಲು ಮಡಚಿಕೊಂಡು, ಸೆರಗು ಸರಿಮಾಡಿಕೊಂಡು ಕೂತರು. ಫ್ರೆಂಚಿನಲ್ಲಿ ಕಣ್ಣಾಡಿಸುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದೆ. ಸರಾಗವಾಗಿ ಬರುತ್ತಿತ್ತು. ಅತ್ತೆ ಹೂಂಗುಟ್ಟುತ್ತಾ, ಕೆಮ್ಮಿನ ಮಾತು ಬಂದಾಗ ನಕ್ಕು, ಕೇಳುತ್ತಿದ್ದರು. ಆ ಮೂರು ಪುಟಕ್ಕೆ ಬಂದೆ. ನಾನು ಏನು ಓದಿದರೂ ತಿದ್ದುವವರು ಸುತ್ತ ಯಾರೂ ಇರಲಿಲ್ಲ. "ಈ ಸೀರೆಗಳನ್ನು ನೇಯ್ದದ್ದು ಆ ವೃದ್ಧರಲ್ಲ, ಅವರ ಮಗಳು" ಎಂದು ಓದಿದೆ.

ಅತ್ತೆ ಮುಂದಕ್ಕೆ ಬಾಗಿದರು. "ಏನಂದೆ?" ಎಂದರು.

ಇನ್ನೊಂದು ಸಲ ಓದಿದೆ.

"ಥೂ, ಇವ್ಳ ಮನೆ ಕಾಯ್ವಾಗ," ಎಂದರು ಅತ್ತೆ. "ಏಳ್ ತಿಂಗ್ಳು ನಮ್ಮಣ್ಣನ ಮನೆ ಅನ್ನ ತಿಂದು, ಅವ್ನು ಸತ್ತೋದ್ ಮ್ಯಾಲೆ ಇಂಗ್ ಬರೆಯಾದಾ? ಕಣ್ ಕಾಣ್ದಿದ್ರೂವೆ ಅವ್ನ್ ಕೈಗ್ ಕಣ್ಣಿತ್ತು ಕಣವ್ವ. ಅವ್ನೇ ನೇಯ್ದು ಕೊಟ್ಟ ಸೀರೆ ನನ್ ಬೀರೂನಲ್ ಮಡಿಗಿವ್ನಿ. ನಂಗೊತ್ತಿಲ್ವಾ ನಮ್ಮಣ್ಣನ ಕೈ? ನಿನ್ ಎಸ್ರು ಬೇರೆ ಎಳ್ಕಂಡವ್ಳೆ. ನಂಬಿಕೆ ದ್ರೋಹಿ."

ಬೀರುವಿನಲ್ಲಿದ್ದ ಆ ಸೀರೆಯೂ ನಾನು ನೇಯ್ದದ್ದೇ. ಹೇಳಬಹುದಿತ್ತು. ನನ್ನ ಮಾತನ್ನು ನಂಬದಿದ್ದರೆ ಹೋಗಲಿ ಎಂದುಕೊಳ್ಳುತ್ತಿದ್ದೆ. ಆದರೆ ಲಾಳಿ ಮುಟ್ಟಿ ಕೊಟ್ಟ ಮಾತನ್ನು, ಕೇಳಿಕೊಂಡ ನನಗೇ ಅದು ಬೇಡವಾಗಿದ್ದರೂ, ಮೂವತ್ತು ಪುಟದುದ್ದಕ್ಕೂ ಉಳಿಸಿಕೊಂಡವಳು ಅವಳು. ಅವಳನ್ನು ನನ್ನ ಎದುರಿಗೇ ದ್ರೋಹಿ ಎಂದಾಗ ನನ್ನಿಂದ ಸಹಿಸಲಾಗಲಿಲ್ಲ.

"ಇರಿ ಅತ್ತೆ," ಎಂದೆ. "ಅವ್ಳಂಗೆ ಬರ್ದಿಲ್ಲ. ನಾನೇ ತಪ್ಪು ಓದ್ಬುಟ್ಟೆ."

ಪುಸ್ತಕವನ್ನು ಹತ್ತಿರ ಹಿಡಿದುಕೊಂಡು, ಬೆರಳನ್ನು ಸಾಲಿನ ಕೆಳಗಿಟ್ಟು, ನಿಧಾನವಾಗಿ, ಇದ್ದ ಹಾಗೆ ಓದಿದೆ. ಕಣ್ಣು ಮಬ್ಬಾದ ಮೇಲೆ ಈ ವೃದ್ಧರ ಕೈ ಬದಲಾಯಿತು, ಮಗ್ಗದ ಬಡಿತ ಹಗುರವಾಯಿತು. ಮೂರೂ ಪುಟ ಓದಿದೆ. ಅತ್ತೆಯ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು, "ಅಂಗೇಳು ಮತ್ತೆ," ಎಂದರು. ಸಮಾಧಾನವಾದ ಮೇಲೆ, ಅದೇ ಸೆರಗಿನಲ್ಲಿ ಮೂಗು ಒರೆಸುತ್ತಾ ನನ್ನನ್ನು ನೋಡಿ ನಕ್ಕರು.

"ಮೂರ್ ವರ್ಸದಿಂದ ಆ ಮೊಬೈಲ್ ಇಟ್ಕಂಡು ಓದ್ತಿದ್ದೀಯ. ಇನ್ನೂವೆ ನೆಟ್ಗೆ ಓದಕ್ ಬರಲ್ವಲ್ಲವ್ವಾ ನಿಂಗೆ?"

"ಇಲ್ಲ ಅತ್ತೆ," ಎಂದೆ. "ಇನ್ನೂ ಬರಲ್ಲ."